ಮ್ಯಾಂಜನಾರ್ ಶಿಬಿರ: ಮೂರು ಗಂಟೆ ಇಟ್ಟುಕೊಂಡು ಹೋಗಿ

ಲಾಸ್ ಏಂಜಲೀಸ್ ಕಡೆಯಿಂದ ಮ್ಯಾಮತ್ ಲೇಕ್ಸ್‌ಗೆ ಹೋಗುವ ಕನ್ನಡದವರು ಬಹಳ ಜನ. ಚಳಿಗಾಲದಲ್ಲಿ ಹಿಮ ನೋಡೋಕೆ, ಬೇಸಿಗೆಯಲ್ಲಿ ಕೆರೆ ನೋಡೋಕೆ. ಎಲ್ಲರೂ 395ನೇ ಹೆದ್ದಾರಿ ಹಿಡಿಯಲೇಬೇಕು. ಲೋನ್ ಪೈನ್ ಎಂಬ ಪುಟ್ಟ ಊರು ದಾಟಿ ಒಂಬತ್ತು ಮೈಲಿ ಹೋದರೆ ಎಡಗಡೆ ಬಯಲಿನಲ್ಲಿ ಮರದ ಕಾವಲು ಗೋಪುರವೊಂದು ನಿಂತಿದೆ. ಅದೇ ಮ್ಯಾಂಜನಾರ್, ಎರಡನೇ ಮಹಾಯುದ್ಧದ ಕಾಲದ ಸೆರೆ ಶಿಬಿರ. ನಮ್ಮ ಅಳಿಯಂದಿರು ಹನ್ನೊಂದು ವರ್ಷದಿಂದ ಆ ದಾರಿಯಲ್ಲಿ ಓಡಾಡಿದ್ದಾರೆ, ಒಂದು ಸಲವೂ ನಿಲ್ಲಿಸಿಲ್ಲ. ಈ ಸಲ ನಿಲ್ಲಿಸಿದ್ದು ಮೊಮ್ಮಗಳು ಬಾತ್‌ರೂಮಿಗೆ ಹೋಗಬೇಕು ಅಂದಳು ಅಂತ. ಹತ್ತು ನಿಮಿಷ ಅಂದುಕೊಂಡು ಇಳಿದವರು ನಾಲ್ಕು ಗಂಟೆ ಅಲ್ಲೇ ಇದ್ದೆವು.

ನಾನು ಹಾಸನ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ಈಗ ಆರು ತಿಂಗಳು ಅರ್ವೈನ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ಇಂಗ್ಲಿಷ್ ಓದುತ್ತೇನೆ, ನಿಧಾನವಾಗಿ. ಹಾಗಾಗಿ ನನ್ನಂಥವರಿಗೆ ಅಲ್ಲಿ ಏನು ಸಿಗುತ್ತೆ ಅಂತ ಬರೆಯುತ್ತಿದ್ದೇನೆ. ಅಪ್ಪ ಅಮ್ಮನನ್ನು ಊರಿಂದ ಕರೆಸಿಕೊಂಡವರು ಡಿಸ್ನಿಲ್ಯಾಂಡು, ಲಾಸ್ ವೇಗಸ್ಸು ತೋರಿಸುತ್ತೀರಿ. ತೋರಿಸಿ. ಇದನ್ನೂ ತೋರಿಸಿ.

ಮೊದಲು ವಿಷಯ ಹೇಳಿಬಿಡುತ್ತೇನೆ. 1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಹಾಕಿತು. ಸುಮಾರು 2,400 ಅಮೆರಿಕನ್ನರು ಸತ್ತರು. ಎರಡೂವರೆ ತಿಂಗಳಿಗೆ, 1942ರ ಫೆಬ್ರವರಿ 19ರಂದು, ಅಧ್ಯಕ್ಷ ರೂಸ್‌ವೆಲ್ಟ್ 9066 ನಂಬರಿನ ಆದೇಶಕ್ಕೆ ಸಹಿ ಹಾಕಿದರು. ಪಶ್ಚಿಮ ಕರಾವಳಿಯಲ್ಲಿದ್ದ ಜಪಾನೀ ಮೂಲದ ಜನರನ್ನೆಲ್ಲ ಮನೆ, ಅಂಗಡಿ, ಹೊಲ ಬಿಡಿಸಿ ಸಾಗಿಸಿದರು. ಒಟ್ಟು ಸುಮಾರು 1,20,000 ಜನ ಸೆರೆಯಾದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದಲ್ಲೇ ಹುಟ್ಟಿದ, ಅಮೆರಿಕದ ಪ್ರಜೆಗಳು. ಅವರನ್ನು ಇಡಲು ಹತ್ತು ಶಿಬಿರಗಳಾದವು. ಮ್ಯಾಂಜನಾರ್ ಅವುಗಳಲ್ಲಿ ಒಂದು. ಒಂದು ಚದರ ಮೈಲಿಯಷ್ಟು ಜಾಗ, ಸುತ್ತ ಮುಳ್ಳುತಂತಿ, ಎಂಟು ಕಾವಲು ಗೋಪುರ, ಒಳಗೆ ಹತ್ತು ಸಾವಿರ ಜನ.

ಪ್ರವೇಶ ಉಚಿತ. ಪಾರ್ಕಿಂಗ್ ಧಾರಾಳವಾಗಿದೆ. ನ್ಯಾಷನಲ್ ಪಾರ್ಕ್‌ನವರು ನೋಡಿಕೊಳ್ಳುತ್ತಾರೆ. ಒಳಗಿನ ಕಟ್ಟಡ ಅಂದಿನ ಶಾಲೆಯ ಸಭಾಂಗಣ. 1944ರಲ್ಲಿ ಶಿಬಿರದ ಜನರೇ ಕಟ್ಟಿದ್ದು. ಅಲ್ಲಿ ಒಂದು ಸಣ್ಣ ಚಿತ್ರ ತೋರಿಸುತ್ತಾರೆ, ಕೂತು ನೋಡಿ. ಮಕ್ಕಳಿಗೆ ಒಂದು ಪುಸ್ತಿಕೆ ಕೊಡುತ್ತಾರೆ. ಅದರಲ್ಲಿರುವ ಪ್ರಶ್ನೆಗಳಿಗೆ ಸುತ್ತಾಡಿ ಉತ್ತರ ಹುಡುಕಿ ಬರೆದರೆ ಬಿಲ್ಲೆ ಕೊಡುತ್ತಾರೆ. ನಮ್ಮ ಒಂಬತ್ತು ವರ್ಷದವಳು ಆ ಬಿಲ್ಲೆಯ ಆಸೆಗೆ ನಮ್ಮನ್ನೆಲ್ಲ ಎಳೆದುಕೊಂಡು ತಿರುಗಿದಳು. ಹಾಗಾಗಿ ಏನನ್ನೂ ಬಿಡದೆ ನೋಡಿದೆವು.

ಕಟ್ಟಡದ ಒಳಗೆ ಕಣ್ಣಿಗೆ ಬೀಳುವುದು ಒಂದು ದೊಡ್ಡ ಪರದೆ. ಮೇಲಿಂದ ಇಳಿಬಿಟ್ಟಿದ್ದಾರೆ. ಅದರ ತುಂಬಾ ಹೆಸರುಗಳು. ಇಲ್ಲಿದ್ದ ಹತ್ತು ಸಾವಿರಕ್ಕೂ ಹೆಚ್ಚು ಜನರ ಹೆಸರು. ಶಿಬಿರಕ್ಕೆ ತರುವಾಗ ಒಂದೊಂದು ಮನೆಯವರಿಗೂ ಒಂದೊಂದು ನಂಬರು ಕೊಟ್ಟಿದ್ದರಂತೆ. ನಂಬರಿನ ಚೀಟಿ ಸೂಟ್‌ಕೇಸಿಗೂ ಕಟ್ಟಬೇಕು, ಮಗುವಿನ ಕೋಟಿಗೂ ಕಟ್ಟಬೇಕು. ಆ ಫೋಟೋಗಳನ್ನು ನೋಡಿ ಈ ಪರದೆಯ ಮುಂದೆ ಬಂದು ನಿಂತರೆ, ಯಾಕೆ ಹೆಸರುಗಳನ್ನೇ ಇಷ್ಟು ದೊಡ್ಡದಾಗಿ ತೂಗುಹಾಕಿದ್ದಾರೆ ಅಂತ ಯಾರೂ ವಿವರಿಸಬೇಕಾಗಿಲ್ಲ. ಪಕ್ಕದಲ್ಲಿ ಒಬ್ಬ ಮುದುಕರು ತಲೆ ಎತ್ತಿಕೊಂಡು ಒಂದು ಹೆಸರು ಹುಡುಕುತ್ತಿದ್ದರು. ಅವರ ಮಗಳು ಬೆರಳು ತೋರಿಸಿದಳು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ನಾವು ಸುಮ್ನೆ ಪಕ್ಕಕ್ಕೆ ಸರಿದೆವು.

ನಾನು ಜಾಸ್ತಿ ಹೊತ್ತು ನಿಂತಿದ್ದು ಒಂದು ನೋಟಿಸಿನ ಮುಂದೆ. 1942ರಲ್ಲಿ ಬೀದಿ ಬೀದಿಯ ಕಂಬಗಳಿಗೆ ಅಂಟಿಸಿದ್ದು. ‘ಜಪಾನೀ ಮೂಲದ ಎಲ್ಲರಿಗೂ’ ಅಂತ ದಪ್ಪ ಅಕ್ಷರದಲ್ಲಿ ಶುರುವಾಗುತ್ತೆ. ಯಾರು ಊರು ಬಿಡಬೇಕು ಅಂತ ಹೇಳುವ ಕಡೆ ಒಂದು ವಿಚಿತ್ರ ಪದ ಇದೆ. ಅದನ್ನು ಮಗಳ ಹತ್ತಿರ ಎರಡು ಸಲ ಓದಿಸಿದೆ. ‘ಏಲಿಯನ್ ಮತ್ತು ನಾನ್-ಏಲಿಯನ್’ ಇಬ್ಬರೂ ಹೋಗಬೇಕಂತೆ. ಪರದೇಶದವರು, ಮತ್ತು ಪರದೇಶದವರಲ್ಲದವರು. ಪರದೇಶದವರಲ್ಲದವರು ಅಂದರೆ ಯಾರು? ಸ್ವದೇಶದವರು. ಆ ದೇಶದ ಪ್ರಜೆಗಳು. ಅದಕ್ಕೆ ಇಂಗ್ಲಿಷಿನಲ್ಲಿ ‘ಸಿಟಿಜನ್’ ಅಂತ ಒಳ್ಳೆ ಪದ ಇದೆ, ಸಣ್ಣ ಮಕ್ಕಳಿಗೂ ಗೊತ್ತು. ಆ ಪದ ಬರೆದರೆ ‘ನಮ್ಮ ಪ್ರಜೆಗಳನ್ನು ನಾವು ವಿಚಾರಣೆ ಇಲ್ಲದೆ ಬೇಲಿಯೊಳಗೆ ಹಾಕುತ್ತಿದ್ದೇವೆ’ ಅಂತ ಬರೆದಂತಾಗುತ್ತೆ. ಅದಕ್ಕೇ ಒಂದು ಹೊಸ ಪದ ಹೊಲಿದರು.

ಮೂವತ್ತೊಂದು ವರ್ಷ ಮಕ್ಕಳ ವಾಕ್ಯ ತಿದ್ದಿದವಳು ನಾನು. ಒಂದು ಪದ ಯಾಕೆ ಅಡ್ಡಾದಿಡ್ಡಿ ಇದೆ ಅಂತ ಕೇಳಿದರೆ, ಬಹಳ ಸಲ ಬರೆದವನಿಗೆ ವಿಷಯ ಗೊತ್ತಿಲ್ಲ ಅಂತ ಅರ್ಥ. ಕೆಲವು ಸಲ ವಿಷಯ ಚೆನ್ನಾಗಿ ಗೊತ್ತಿದೆ, ಹೇಳೋಕೆ ಇಷ್ಟವಿಲ್ಲ ಅಂತ ಅರ್ಥ. ಈ ನೋಟಿಸು ಎರಡನೆಯದು.

ಹೊರಗೆ ಕಾರಿನಲ್ಲಿ ಸುತ್ತುವ ದಾರಿ ಇದೆ, ಮೂರು ಮೈಲಿ ಚಿಲ್ಲರೆ. ಆದರೆ ಬ್ಲಾಕ್ 14ರ ಹತ್ತಿರ ಇಳಿದು ನಡೆಯಲೇಬೇಕು. ಇಲ್ಲಿ ಅಂದಿನ ಥರದ್ದೇ ಎರಡು ಬ್ಯಾರಕ್ ಮತ್ತೆ ಕಟ್ಟಿದ್ದಾರೆ. ಪಕ್ಕದಲ್ಲಿ ಊಟದ ಮನೆ. ಹಲಗೆ ಗೋಡೆ, ಹೊರಗೆ ಟಾರು ಕಾಗದ. ಇಪ್ಪತ್ತು ಅಡಿ, ಇಪ್ಪತ್ತೈದು ಅಡಿಯ ಒಂದು ಕೋಣೆ. ಎಂಟು ಜನಕ್ಕೆ ಅಷ್ಟೇ. ಮಂಚದ ಮೇಲೆ ಹುಲ್ಲು ತುಂಬಿದ ಚೀಲವೇ ಹಾಸಿಗೆ. ಹಲಗೆಗಳ ಸಂದಿನಿಂದ ಧೂಳು ಬರುತ್ತಿತ್ತು. ಹಲಗೆಯಲ್ಲಿ ಗಂಟು ಬಿದ್ದುಹೋಗಿ ತೂತಾದ ಕಡೆ ಜನ ಡಬ್ಬಿಯ ಮುಚ್ಚಳ ಇಟ್ಟು ಮೊಳೆ ಹೊಡೆದುಕೊಂಡಿದ್ದರಂತೆ. ನಾವು ಹೋದ ದಿನ ಗಾಳಿ ಅಂದರೆ ಗಾಳಿ. ಸೆರಗು ನಿಲ್ಲುತ್ತಿರಲಿಲ್ಲ. ಹಲ್ಲಿನ ನಡುವೆ ಮರಳು. ಬೇಸಿಗೆಯಲ್ಲಿ ಇಲ್ಲಿ ನೂರು ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತೆ, ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುತ್ತೆ.

ಅಲ್ಲೇ ಮೊಮ್ಮಗಳು ಕೇಳಿದ್ದು. ಅವಳ ಕನ್ನಡ ಭಾನುವಾರದ ತರಗತಿಯ ಕನ್ನಡ. ನನಗೋಸ್ಕರ ಕಷ್ಟಪಟ್ಟು ಕನ್ನಡದಲ್ಲೇ ಮಾತಾಡುತ್ತಾಳೆ.

“ಅಜ್ಜಿ, ಅವು ಎಲ್ಲಿ ಮಲಗುತ್ತಿದ್ದವು?”

ಬಾಯಿ ತಾನಾಗಿ ತಿದ್ದಿತು. “ಅವು ಅಲ್ಲ ಪುಟ್ಟಿ, ಅವರು. ಅವರು ಎಲ್ಲಿ ಮಲಗುತ್ತಿದ್ದರು.”

“ಯಾಕೆ?”

“ಮನುಷ್ಯರಿಗೆ ಅವರು ಅನ್ನಬೇಕು. ಅವು ಅಂದರೆ ದನ, ನಾಯಿ, ಕಲ್ಲು, ಕುರ್ಚಿ.”

ಅಷ್ಟು ಹೇಳಿ ಆ ಮಂಚದ ಅಂಚು ಹಿಡಿದು ನಿಂತುಬಿಟ್ಟೆ. ಯಾಕೆ ಅಂತ ಅವತ್ತು ಮಕ್ಕಳಿಗೆ ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ.

1999ರಲ್ಲಿ ಕಾರ್ಗಿಲ್ ಯುದ್ಧ. ಶಾಲೆ ಶುರುವಾದ ಹೊಸತು. ಜೂನ್‌ನಲ್ಲಿ ಕ್ಯಾಪ್ಟನ್ ಸೌರಭ್ ಕಾಲಿಯಾ ಮತ್ತು ಅವರ ಐವರು ಸೈನಿಕರ ದೇಹಗಳು ವಾಪಸ್ ಬಂದವು. ಚಿತ್ರಹಿಂಸೆ ಕೊಟ್ಟು ಕೊಂದಿದ್ದಾರೆ ಅಂತ ಪೇಪರಿನಲ್ಲಿ ಬಂತು. ಅದನ್ನು ಓದಿ ಸ್ಟಾಫ್ ರೂಮಿನಲ್ಲಿ ಯಾರೂ ಮಧ್ಯಾಹ್ನ ಊಟದ ಡಬ್ಬಿ ತೆಗೆಯಲಿಲ್ಲ. ಆ ಸಿಟ್ಟು ನಿಜವಾದದ್ದು. ಇವತ್ತಿಗೂ ಅದು ತಪ್ಪು ಅಂತ ನಾನು ಹೇಳುವುದಿಲ್ಲ. ಮಕ್ಕಳಿಂದ ಸೈನಿಕರಿಗೆ ಪೋಸ್ಟ್ ಕಾರ್ಡ್ ಬರೆಸಿದೆವು. ಆಗಸ್ಟ್ 15ಕ್ಕೆ ಪ್ರಬಂಧ ಸ್ಪರ್ಧೆ ಇಟ್ಟೆವು. ತೀರ್ಪು ನನ್ನದು.

ಒಂಬತ್ತನೇ ತರಗತಿಯ ಹುಡುಗನೊಬ್ಬ ತುಂಬಾ ಚೆನ್ನಾಗಿ ಬರೆದಿದ್ದ. ಅವನ ಮನೆಯ ಕಡೆಯವರೊಬ್ಬರು ಸೈನ್ಯದಲ್ಲಿದ್ದರು. ಮೂರು ಪುಟ, ದುಂಡು ಅಕ್ಷರ. ಅದರಲ್ಲಿ ಒಂದು ಸಾಲು: ‘ನಮ್ಮ ಸೈನಿಕರು ಹುತ್ಮಾತ್ಮರಾದರು, ಶತ್ರುಗಳು ನಾಯಿಗಳಂತೆ ಸತ್ತವು.’ ನಾನು ಕೆಂಪು ಪೆನ್ನಿನಲ್ಲಿ ‘ಹುತ್ಮಾತ್ಮ’ ತಿದ್ದಿ ‘ಹುತಾತ್ಮ’ ಮಾಡಿದೆ. ‘ಸತ್ತವು’ ಕಣ್ಣಿಗೆ ಬಿತ್ತು. ಬಿದ್ದಿತ್ತು, ಅದು ಚೆನ್ನಾಗಿ ನೆನಪಿದೆ. ಕರ್ತೃ ಮನುಷ್ಯರಾದರೆ ಕ್ರಿಯಾಪದ ‘ಸತ್ತರು’ ಆಗಬೇಕು. ಲಿಂಗ ವಚನದ ತಪ್ಪಿಗೆ ಅರ್ಧ ಅಂಕ ಕಳೆಯುವುದು ನನ್ನ ಪದ್ಧತಿ. ಅವತ್ತು ಕಳೆಯಲಿಲ್ಲ. ಹತ್ತಕ್ಕೆ ಹತ್ತು ಕೊಟ್ಟೆ. ಧ್ವಜ ಹಾರಿಸಿದ ಮೇಲೆ ಮೈಕಿನಲ್ಲಿ ಅವನಿಂದಲೇ ಓದಿಸಿದೆ. ಆ ಸಾಲಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಕನ್ನಡ ಮಾತಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ನಮ್ಮ ಭಾಷೆಯಲ್ಲಿ ಒಬ್ಬನನ್ನು ಮನುಷ್ಯರ ಸಾಲಿನಿಂದ ಆಚೆ ಹಾಕೋಕೆ ಬೈಗುಳವೇ ಬೇಕಿಲ್ಲ. ‘ಬಂದರು’ ಅನ್ನುವ ಕಡೆ ‘ಬಂದವು’ ಅಂದರೆ ಮುಗೀತು. ಹಳೇ ಕಾಲದಲ್ಲಿ ಕೂಲಿಯವರ ಬಗ್ಗೆ, ಊರಾಚೆಯ ಕೇರಿಯವರ ಬಗ್ಗೆ ಹೀಗೇ ಮಾತಾಡುತ್ತಿದ್ದುದನ್ನು ನಾನೇ ಕೇಳಿದ್ದೇನೆ. ‘ಆಳು ಬಂತಾ’, ‘ಅವಕ್ಕೆ ಊಟ ಹಾಕಿದ್ರಾ’. ಕೂಸಿನ ಬಗ್ಗೆ ‘ಮಲಗಿತಾ’ ಅನ್ನುವುದು ಬೇರೆ, ಅದು ಮುದ್ದು. ಇದು ಮುದ್ದಲ್ಲ.

ಆ ಯುದ್ಧದಲ್ಲಿ ನಮ್ಮ ಸೈನಿಕರು 527 ಜನ ಹೋದರು. ಆಚೆ ಕಡೆಯವರ ದೇಹಗಳು ಬೆಟ್ಟದ ಮೇಲೆ ಬಿದ್ದಿದ್ದವು, ತಮ್ಮ ಸೈನಿಕರೇ ಅಲ್ಲ ಅಂತ ಪಾಕಿಸ್ತಾನ ಹೇಳುತ್ತಿತ್ತು. ಅವರನ್ನು ಅವರ ಧರ್ಮದ ಪ್ರಕಾರ ಮಣ್ಣು ಮಾಡಿದ್ದು ನಮ್ಮ ಸೈನ್ಯ. ಟೈಗರ್ ಹಿಲ್ ಕಾಳಗದಲ್ಲಿ ಸತ್ತ ಪಾಕಿಸ್ತಾನದ ಕ್ಯಾಪ್ಟನ್ ಕರ್ನಲ್ ಶೇರ್ ಖಾನ್ (ಕರ್ನಲ್ ಅನ್ನುವುದು ಹುದ್ದೆಯಲ್ಲ, ಹೆಸರೇ) ಎಂಬುವರ ಬಗ್ಗೆ ನಮ್ಮ ಬ್ರಿಗೇಡಿಯರ್ ಎಂ.ಪಿ.ಎಸ್. ಬಾಜ್ವಾ ಅವರು ಒಂದು ಚೀಟಿ ಬರೆದು, ದೇಹ ವಾಪಸ್ ಕಳಿಸುವಾಗ ಜೇಬಿನಲ್ಲಿ ಇಟ್ಟರು. ಈತ ತುಂಬಾ ಧೈರ್ಯದಿಂದ ಹೋರಾಡಿದ, ಇವನಿಗೆ ಸಲ್ಲಬೇಕಾದ ಗೌರವ ಸಲ್ಲಲಿ ಅಂತ. ಪಾಕಿಸ್ತಾನ ಆಮೇಲೆ ಆತನಿಗೆ ತನ್ನ ಅತಿ ದೊಡ್ಡ ಶೌರ್ಯ ಪದಕ ಕೊಟ್ಟಿತು. ಎದುರು ನಿಂತು ಗುಂಡು ಹಾರಿಸಿದವರು, ತಮ್ಮ ಹುಡುಗರನ್ನು ಕಳೆದುಕೊಂಡವರು, ಶತ್ರುವಿನ ಬಗ್ಗೆ ‘ಹೋರಾಡಿದ’ ಅಂತ ಬರೆದರು. ಸಾವಿರ ಮೈಲಿಗೂ ಹೆಚ್ಚು ದೂರ, ಫ್ಯಾನಿನ ಕೆಳಗೆ ಕೂತ ನಾನು ‘ಸತ್ತವು’ಗೆ ಹತ್ತಕ್ಕೆ ಹತ್ತು ಕೊಟ್ಟೆ. ಇದನ್ನು ಬ್ಯಾರಕ್ಕಿನಲ್ಲಿ ನಿಂತಾಗ ನೆನೆಸಿಕೊಂಡೆ. ಕಣ್ಣಲ್ಲಿ ನೀರು ಬಂತು. ಮಗಳು ಧೂಳು ಅಂದುಕೊಂಡಳು.

ಸರಿ, ಶಿಬಿರಕ್ಕೆ ವಾಪಸ್ ಬರುತ್ತೇನೆ.

ಬ್ಲಾಕ್ 9ರಲ್ಲಿ ಹೆಂಗಸರ ಶೌಚಾಲಯವನ್ನು ಮತ್ತೆ ಕಟ್ಟಿದ್ದಾರೆ. ದಯವಿಟ್ಟು ಇದನ್ನು ತಪ್ಪಿಸಬೇಡಿ. ಉದ್ದದ ಕೋಣೆ. ಒಂದರ ಪಕ್ಕ ಒಂದು ಕಮೋಡು, ನಡುವೆ ಗೋಡೆ ಇಲ್ಲ, ಬಾಗಿಲು ಇಲ್ಲ. ಮೊಮ್ಮಗಳು ಬಾಗಿಲಲ್ಲೇ ನಿಂತು “ಅಜ್ಜಿ, ಇಲ್ಲಿ ನಾನು ಹೋಗೋದೇ ಇಲ್ಲ” ಅಂದಳು. ಅಂದಿನ ಹೆಂಗಸರೂ ಹೋಗಲಾರದೆ ಒದ್ದಾಡಿದರು. ಕೆಲವರು ದೊಡ್ಡ ರಟ್ಟಿನ ಡಬ್ಬ ತಂದು ಸುತ್ತ ಮರೆ ಮಾಡಿಕೊಳ್ಳುತ್ತಿದ್ದರಂತೆ. ಕೆಲವರು ಎಲ್ಲರೂ ಮಲಗಲಿ ಅಂತ ಕಾಯುತ್ತಿದ್ದರಂತೆ. ನನಗೆ ಇದು ಗೊತ್ತು. ನಾನು ಮೊದಲು ಕೆಲಸಕ್ಕೆ ಸೇರಿದ ಹಳ್ಳಿ ಶಾಲೆಯಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲು ಇರಲಿಲ್ಲ. ಒಬ್ಬಳು ಒಳಗೆ ಹೋದರೆ ಇಬ್ಬರು ದಾವಣಿ ಹಿಡಿದು ಅಡ್ಡ ನಿಲ್ಲುತ್ತಿದ್ದರು. ಬೆಳಗ್ಗೆಯಿಂದ ನೀರೇ ಕುಡಿಯದ ಹುಡುಗಿಯರಿದ್ದರು. ನಮ್ಮಲ್ಲಿ ಅದು ಬಡತನ, ಅಸಡ್ಡೆ. ಇಲ್ಲಿ ಬಡತನ ಅಲ್ಲ. ಸೈನಿಕರ ಬ್ಯಾರಕ್ಕಿನ ನಕ್ಷೆ ಇಟ್ಟುಕೊಂಡು ಅಜ್ಜಿಯರಿಗೆ, ಬಸುರಿಯರಿಗೆ ಕಟ್ಟಿಕೊಟ್ಟರು. ಇಲ್ಲಿ ಇರುವವರಿಗೂ ನಾಚಿಕೆ ಇರುತ್ತೆ ಅಂತ ಯಾರಿಗೂ ಅನಿಸಲಿಲ್ಲ. ಈ ಶಿಬಿರದಲ್ಲಿ 541 ಮಕ್ಕಳು ಹುಟ್ಟಿದರು. ಆ ತಾಯಂದಿರೆಲ್ಲ ಇಂಥ ಕೋಣೆಗೇ ಬಂದವರು.

ಊಟದ ಮನೆಯ ಒಂದು ವಿಷಯ. ಶುರುವಿನಲ್ಲಿ ಅನ್ನದ ಮೇಲೆ ಡಬ್ಬಿಯ ಹಣ್ಣನ್ನು ಸಕ್ಕರೆ ಪಾಕದ ಸಮೇತ ಸುರಿದು ಕೊಟ್ಟರಂತೆ. ಜಪಾನಿನವರು ಅನ್ನದ ಜೊತೆ ಸಿಹಿ ತಿನ್ನುವುದಿಲ್ಲ. ಬರಬರುತ್ತಾ ಜನರೇ ತರಕಾರಿ ಬೆಳೆದರು, ಸೋಯಾ ಸಾಸು, ತೋಫು ಮಾಡಿಕೊಂಡರು. ಊಟದ ಸಾಲಿನಲ್ಲಿ ನಿಲ್ಲುವವರ ಬೇಸರ ಕಳೆಯಲಿ ಅಂತ ಕಲ್ಲು ಜೋಡಿಸಿ ಪುಟ್ಟ ಕೊಳ, ತೋಟ ಮಾಡಿದರು. ಆ ಕೊಳಗಳನ್ನು ಈಗ ಮಣ್ಣಿನಿಂದ ಅಗೆದು ತೆಗೆದಿದ್ದಾರೆ. ನೀರಿಲ್ಲ, ಕಲ್ಲಿದೆ. ಡಾಕ್ಟರ್ ಕೆಲಸ ಮಾಡಿದವರಿಗೂ ತಿಂಗಳಿಗೆ 19 ಡಾಲರ್ ಸಂಬಳ. ಅಮೆರಿಕದ ಸೈನ್ಯಕ್ಕೆ ಬೇಕಾದ ಮರೆಮಾಚುವ ಬಲೆಗಳನ್ನು ಇಲ್ಲಿಯ ಜನರೇ ಹೆಣೆದರು.

ಮನೆಗೆ ಬಂದ ಮೇಲೆ ಮಗಳ ಜೊತೆ ಕೂತು ಎರಡು ವಾರ ಓದಿದೆ. ಬೇಲಿ ಹಾಕಿದ ಆ ದಿನಗಳಲ್ಲಿ ಏನು ಮಾತು ಓಡಾಡುತ್ತಿತ್ತು ಅಂತ ತಿಳಿಯಬೇಕಿತ್ತು. 1942ರ ಫೆಬ್ರವರಿ 2ರ ಲಾಸ್ ಏಂಜಲೀಸ್ ಟೈಮ್ಸ್‌ನಲ್ಲಿ ಒಬ್ಬ ಅಂಕಣಕಾರ ಬರೆದಿದ್ದು: ಹಾವಿನ ಮೊಟ್ಟೆ ಎಲ್ಲಿ ಒಡೆದರೂ ಹಾವು ಹಾವೇ, ಹಾಗೇ ಜಪಾನೀ ತಂದೆ ತಾಯಿಗೆ ಹುಟ್ಟಿದವನು ಜಪಾನಿಯೇ ಆಗುತ್ತಾನೆ, ಅಮೆರಿಕನ್ ಆಗುವುದಿಲ್ಲ. ಐಡಾಹೋ ರಾಜ್ಯದ ಗವರ್ನರ್ ಚೇಸ್ ಕ್ಲಾರ್ಕ್, ಇವರು ಇಲಿಗಳ ಥರ ಬದುಕುತ್ತಾರೆ, ಇಲಿಗಳ ಥರ ಮರಿ ಹಾಕುತ್ತಾರೆ ಅಂದ. ಜನರನ್ನು ಹೊರಹಾಕುವ ಹೊಣೆ ಹೊತ್ತ ಸೇನಾಧಿಕಾರಿ ಜನರಲ್ ಡಿವಿಟ್ ಇನ್ನೂ ಒಂದು ಹೆಜ್ಜೆ ಮುಂದೆ. ಇದುವರೆಗೆ ಇವರು ಯಾವ ವಿಧ್ವಂಸಕ ಕೆಲಸವನ್ನೂ ಮಾಡಿಲ್ಲ, ಅದೇ ಮುಂದೆ ಮಾಡುತ್ತಾರೆ ಅನ್ನೋದಕ್ಕೆ ಸೂಚನೆ ಅಂತ ಬರೆದ! ಮಾಡಿದರೂ ತಪ್ಪಿತಸ್ಥರು, ಮಾಡದಿದ್ದರೂ ತಪ್ಪಿತಸ್ಥರು. ಹಾವು ಕಚ್ಚುವ ತನಕ ಕಾಯುತ್ತಾರೆಯೇ?

ಹಾವು ಅಂದುಬಿಟ್ಟರೆ ಸಾಕು, ಮುಂದಿನದು ತಾನಾಗಿ ಬರುತ್ತೆ. ಅನಾಥಾಶ್ರಮದ ಕೂಸುಗಳನ್ನೂ ಹುಡುಕಿ ತಂದರು. ಮ್ಯಾಂಜನಾರ್‌ನಲ್ಲಿ ತಂದೆ ತಾಯಿ ಇಲ್ಲದ 101 ಮಕ್ಕಳಿಗೆ ಬೇರೆ ಕಟ್ಟಡವೇ ಇತ್ತು. ಸಾಂತಾ ಅನಿತಾ ರೇಸ್‌ಕೋರ್ಸಿನ ಕುದುರೆ ಲಾಯಗಳಲ್ಲಿ ಸಂಸಾರಗಳನ್ನು ತಿಂಗಳುಗಟ್ಟಲೆ ಇಟ್ಟರು. ಮಗಳ ಸ್ನೇಹಿತೆಯ ಮನೆ ಅಲ್ಲಿಂದ ಹತ್ತು ನಿಮಿಷ. ಎಷ್ಟೋ ಸಲ ಅದರ ಮುಂದೆಯೇ ಹೋಗಿದ್ದೇವೆ.

ಸಮುದ್ರದ ಆಚೆ ಇನ್ನೂ ಘೋರ. 1944ರ ಮೇ ತಿಂಗಳಲ್ಲಿ ‘ಲೈಫ್’ ಪತ್ರಿಕೆ ಒಂದು ಫೋಟೋ ಹಾಕಿತು. ಒಬ್ಬ ಹುಡುಗಿ ಮೇಜಿನ ಮುಂದೆ ಕೂತು ಪತ್ರ ಬರೆಯುತ್ತಿದ್ದಾಳೆ. ಮೇಜಿನ ಮೇಲೆ ಜಪಾನೀ ಸೈನಿಕನೊಬ್ಬನ ತಲೆಬುರುಡೆ. ಯುದ್ಧಕ್ಕೆ ಹೋದ ಗೆಳೆಯ ಕಳಿಸಿದ ಉಡುಗೊರೆ, ಅದಕ್ಕೆ ಥ್ಯಾಂಕ್ಸ್ ಬರೆಯುತ್ತಿದ್ದಾಳೆ. ಹೆಣದ ಭಾಗಗಳನ್ನು ನೆನಪಿಗೆ ಅಂತ ತರಬಾರದು ಎಂಬ ಆದೇಶ ನೌಕಾಪಡೆಯಲ್ಲಿ 1942ರಿಂದಲೇ ಇತ್ತು. 1944ರಲ್ಲೇ ಒಬ್ಬ ಸಂಸದ ಜಪಾನೀ ಸೈನಿಕನ ತೋಳಿನ ಮೂಳೆಯಿಂದ ಮಾಡಿದ ಪತ್ರ ಕತ್ತರಿಸುವ ಚಾಕುವನ್ನು ರೂಸ್‌ವೆಲ್ಟರಿಗೆ ಕೊಟ್ಟ. ರೂಸ್‌ವೆಲ್ಟ್ ಅದನ್ನು ವಾಪಸ್ ಕಳಿಸಿದರು. 9066ಕ್ಕೆ ಸಹಿ ಹಾಕಿದ ಕೈಗೂ ಆ ಮೂಳೆ ಇಟ್ಟುಕೊಳ್ಳೋಕೆ ಆಗಲಿಲ್ಲ. 1945ರ ಮಾರ್ಚ್‌ನಲ್ಲಿ ಅಮೆರಿಕದ ಮರೀನ್ ಸೈನಿಕರ ‘ಲೆದರ್‌ನೆಕ್’ ಪತ್ರಿಕೆ ಜಪಾನಿಯನ್ನು ಹೇನಿನ ಥರ ಬರೆದು, ಈ ಪಿಡುಗು ಹೋಗಬೇಕಾದರೆ ಟೋಕಿಯೋ ಸುತ್ತ ಇರುವ ಇದರ ಹುಟ್ಟುತಾಣಗಳನ್ನೇ ಪೂರ್ತಿ ನಾಶ ಮಾಡಬೇಕು ಅಂತ ಹಾಕಿತು. ಅದೇ ಮಾರ್ಚ್ 9ರ ರಾತ್ರಿ ಟೋಕಿಯೋ ಮೇಲೆ ಬೆಂಕಿ ಬಾಂಬು ಸುರಿದರು. ಬೆಳಗಾಗುವಷ್ಟರಲ್ಲಿ ಸುಮಾರು ಒಂದು ಲಕ್ಷ ಜನ ಸುಟ್ಟು ಸತ್ತರು. ಚಿತ್ರ ನೋಡಿ ಬಾಂಬು ಹಾಕಿದರು ಅಂತ ನಾನು ಹೇಳುತ್ತಿಲ್ಲ. ಆದರೆ ಹೇನು ಸತ್ತರೆ ಯಾರು ಅಳುತ್ತಾರೆ?

ಜಪಾನೂ ಇದನ್ನೇ ಮಾಡಿತು, ಅದನ್ನೂ ಹೇಳಬೇಕು. ಅಮೆರಿಕ, ಬ್ರಿಟನ್ನಿನವರನ್ನು ‘ಕಿಚಿಕು’ ಅಂತ ಕರೆಯಿತು, ಅಂದರೆ ರಾಕ್ಷಸ ಪ್ರಾಣಿ. ಮಂಚೂರಿಯಾದಲ್ಲಿ 731 ನಂಬರಿನ ಪಡೆಯವರು ಸೆರೆ ಹಿಡಿದ ಚೀನೀಯರ ಮೇಲೆ, ಬೇರೆಯವರ ಮೇಲೆ ರೋಗಾಣುಗಳ ಪ್ರಯೋಗ ಮಾಡಿದರು. ಆ ಮನುಷ್ಯರನ್ನು ‘ಮಾರುತಾ’ ಅಂತ ಲೆಕ್ಕ ಇಡುತ್ತಿದ್ದರು. ಮಾರುತಾ ಅಂದರೆ ಮರದ ದಿಮ್ಮಿ. ದಿಮ್ಮಿಗೆ ನಮ್ಮ ಭಾಷೆಯಲ್ಲಿ ‘ಅವರು’ ಇಲ್ಲ.

ಇಷ್ಟೆಲ್ಲ ಆದರೂ ಈ ಜಾಗಕ್ಕೆ ಐದಕ್ಕೆ ಐದು ಅಂಕ ಕೊಡುತ್ತೇನೆ. ಯಾಕೆ ಅಂದರೆ, ಇದನ್ನು ನಡೆಸುತ್ತಿರುವುದು ಅದೇ ಸರ್ಕಾರ. ಯಾರೋ ವಿರೋಧಿಗಳು ಹಾಕಿದ ಬೋರ್ಡಲ್ಲ. ಸಮವಸ್ತ್ರ ಹಾಕಿದ ಸರ್ಕಾರಿ ರೇಂಜರ್ ಹುಡುಗಿ ನಮ್ಮ ಮುಂದೆ ನಿಂತು, “ನಮ್ಮ ಸರ್ಕಾರ ಇಲ್ಲಿ ತಪ್ಪು ಮಾಡಿತು” ಅಂತ ತಗ್ಗಿಸದ ದನಿಯಲ್ಲಿ ಹೇಳಿದಳು. ಆ ಮಾತನ್ನು ನಾನು ಯಾವ ಊರಿನ ಸರ್ಕಾರಿ ಕಟ್ಟಡದಲ್ಲೂ ಕೇಳಿರಲಿಲ್ಲ. 1980ರಲ್ಲಿ ಸಂಸತ್ತು ಒಂದು ಆಯೋಗ ನೇಮಿಸಿತು. ಪಶ್ಚಿಮ ಕರಾವಳಿಯ ಜಪಾನೀ ಮೂಲದವರು ಗೂಢಚರ್ಯೆ ಅಥವಾ ವಿಧ್ವಂಸಕ ಕೆಲಸ ಮಾಡಿದ ಒಂದೇ ಒಂದು ದಾಖಲೆ ಇಲ್ಲ ಅಂತ ಆಯೋಗ ಹೇಳಿತು. ಜನಾಂಗ ದ್ವೇಷ, ಯುದ್ಧದ ಉನ್ಮಾದ, ನಾಯಕರ ಸೋಲು, ಈ ಮೂರೇ ಕಾರಣ ಅಂತ ಬರೆಯಿತು. 1988ರ ಆಗಸ್ಟ್ 10ರಂದು ಅಧ್ಯಕ್ಷ ರೇಗನ್ ಕಾನೂನಿಗೆ ಸಹಿ ಹಾಕಿದರು. ಬದುಕಿದ್ದ ಸುಮಾರು 82,000 ಜನರಿಗೆ ತಲಾ 20,000 ಡಾಲರ್, ಜೊತೆಗೆ ಕ್ಷಮೆ. ಅಷ್ಟು ಹೊತ್ತಿಗೆ ನಲವತ್ತಾರು ವರ್ಷ ಆಗಿತ್ತು. ದೊಡ್ಡವರಾಗಿ ಬಂದಿದ್ದವರಲ್ಲಿ ಬಹಳ ಜನ ಹೋಗಿಬಿಟ್ಟಿದ್ದರು. ತಡ ಆಯ್ತು, ತುಂಬಾ ತಡ ಆಯ್ತು. ಆದರೆ ಕಾನೂನಿನ ಪುಸ್ತಕದಲ್ಲೇ ತಪ್ಪಾಯಿತು ಅಂತ ಬರೆದರು.

ಆಗಲೇ ಬೇಡ ಅಂದವರೂ ಇದ್ದರು. ಕೊಲರಾಡೋ ಗವರ್ನರ್ ರಾಲ್ಫ್ ಕಾರ್, ಇವರೂ ನಮ್ಮ ಪ್ರಜೆಗಳೇ ಅಂತ ಎದ್ದು ನಿಂತರು. 1942ರಲ್ಲೇ ಸೆನೆಟ್ ಚುನಾವಣೆಯಲ್ಲಿ ಸೋತರು. ಫ್ರೆಡ್ ಕೊರೆಮಾಟ್ಸು ಎಂಬ ಯುವಕ ಮನೆ ಬಿಟ್ಟು ಹೋಗಲ್ಲ ಅಂತ ಸುಪ್ರೀಂ ಕೋರ್ಟ್ ತನಕ ಹೋದರು. 1944ರಲ್ಲಿ ಆರು ಜಡ್ಜು ಸರ್ಕಾರದ ಪರ, ಮೂವರು ಅವರ ಪರ. ಸೋತರು. 1983ರಲ್ಲಿ ಅವರ ಮೇಲಿನ ಶಿಕ್ಷೆ ರದ್ದಾಯಿತು. ಇನ್ನು ಸದಾವೋ ಮುನೆಮೋರಿ. ತಾಯಿ ಇದೇ ಮ್ಯಾಂಜನಾರ್ ಬೇಲಿಯೊಳಗೆ, ಮಗ ಅಮೆರಿಕದ ಸೈನ್ಯದಲ್ಲಿ. 1945ರ ಏಪ್ರಿಲ್ 5ರಂದು ಇಟಲಿಯಲ್ಲಿ ಜೊತೆಯವರನ್ನು ಉಳಿಸೋಕೆ ಗ್ರೆನೇಡಿನ ಮೇಲೆ ಬಿದ್ದು ಸತ್ತ. ಆ ದೇಶದ ಅತಿ ದೊಡ್ಡ ಶೌರ್ಯ ಪದಕ ಅವನಿಗೆ ಬಂತು. ಹಾವಿನ ಮೊಟ್ಟೆ ಅಂದಿದ್ದರಲ್ಲ, ಆ ಮೊಟ್ಟೆ ಇವನೇ.

ನಮ್ಮಲ್ಲಿ ಹೀಗೆಲ್ಲ ಆಗಿಲ್ಲ ಅಂದುಕೊಂಡಿದ್ದೆ. ಅಳಿಯಂದಿರು ಹೇಳಿದ ಮೇಲೆ ಓದಿದೆ. 1962ರ ಚೀನಾ ಯುದ್ಧದ ಸಮಯದಲ್ಲಿ ಅಸ್ಸಾಂ, ಡಾರ್ಜಿಲಿಂಗ್, ಶಿಲ್ಲಾಂಗ್ ಕಡೆ ತಲೆಮಾರುಗಳಿಂದ ಇದ್ದ ಚೀನೀ ಮೂಲದ ಸುಮಾರು 3,000 ಜನರನ್ನು ರೈಲಿನಲ್ಲಿ ತುಂಬಿ ರಾಜಸ್ಥಾನದ ದೇವಳಿ ಶಿಬಿರಕ್ಕೆ ಕಳಿಸಿದರು. ಕೆಲವರು ನಾಲ್ಕೈದು ವರ್ಷ ಅಲ್ಲೇ ಇದ್ದರು. ನಾನು ಮೂವತ್ತೊಂದು ವರ್ಷ ಶಾಲೆಯಲ್ಲಿದ್ದೆ, ಪಕ್ಕದ ಕೋಣೆಯಲ್ಲಿ ಸಮಾಜ ಪಾಠ ನಡೆಯುತ್ತಿತ್ತು. ದೇವಳಿಯ ಹೆಸರು ಒಂದು ದಿನವೂ ಕಿವಿಗೆ ಬಿದ್ದಿರಲಿಲ್ಲ. ಅಲ್ಲೂ ಇಂಥದ್ದೊಂದು ಹೆಸರಿನ ಪರದೆ ಇರಬೇಕಿತ್ತು.

ಇನ್ನು ಹೋಗುವವರಿಗೆ ಕೆಲವು ಮಾತು. ತಿನ್ನೋಕೆ ಕಟ್ಟಿಕೊಂಡು ಹೋಗಿ. ನಾವು ಚಪಾತಿ, ಟೊಮೆಟೊ ಗೊಜ್ಜು, ಮೊಸರನ್ನ ಒಯ್ದಿದ್ದೆವು, ಒಳ್ಳೇದಾಯ್ತು. ಹೋಟೆಲು ಬೇಕು ಅಂದರೆ ಲೋನ್ ಪೈನ್‌ನಲ್ಲೇ ಮುಗಿಸಿಕೊಳ್ಳಿ. ನೀರು ಜಾಸ್ತಿ ಇಟ್ಟುಕೊಳ್ಳಿ. ಬಯಲಿನಲ್ಲಿ ನೆರಳು ಅಪರೂಪ, ಟೋಪಿ ಬೇಕು, ಗಾಳಿಗೆ ಹಾರದಂತೆ ದಾರ ಇರುವ ಟೋಪಿ. ಸೀರೆ ಉಡುವ ಅಮ್ಮಂದಿರಿಗೆ ಒಂದು ಸ್ವೆಟರ್, ನಾಲ್ಕು ಪಿನ್ನು. ಮಂಡಿ ನೋವಿರುವವರು ಕಾರಿನಲ್ಲೇ ಸುತ್ತಬಹುದು, ನಮ್ಮ ಮನೆಯವರು ಅರ್ಧ ಹಾಗೇ ನೋಡಿದರು. ಬಾಗಿಲು ತೆಗೆಯುವ ದಿನ, ಹೊತ್ತು ಮೊದಲೇ ನೋಡಿಕೊಂಡು ಹೊರಡಿ. ಮ್ಯಾಂಜನಾರ್ ಎಂಬ ಹೆಸರಿಗೆ ಸ್ಪ್ಯಾನಿಷ್‌ನಲ್ಲಿ ಸೇಬಿನ ತೋಟ ಅಂತ ಅರ್ಥ. ಶಿಬಿರಕ್ಕೂ ಮುಂಚಿನ ರೈತರ ಸೇಬು, ಪೇರ್ ಮರಗಳು ಅಲ್ಲಲ್ಲಿ ಇನ್ನೂ ಇವೆ. ಅದಕ್ಕೂ ಮುಂಚೆ ಇಲ್ಲಿ ಪಯೂಟ್ ಎಂಬ ಮೂಲನಿವಾಸಿಗಳಿದ್ದರು, 1863ರಲ್ಲಿ ಸೈನ್ಯ ಅವರನ್ನೂ ಇಲ್ಲಿಂದ ಓಡಿಸಿತ್ತು. ಅದನ್ನೂ ಒಳಗೆ ಬರೆದಿದ್ದಾರೆ.

ಕೊನೆಗೆ ಸ್ಮಶಾನಕ್ಕೆ ಹೋಗಿ. ಶಿಬಿರದ ಹಿಂದುಗಡೆ, ಬೆಟ್ಟದ ಕಡೆ ಇದೆ. ಸಿಯೆರಾ ಬೆಟ್ಟಸಾಲು ಗೋಡೆ ಥರ ಎದ್ದು ನಿಂತಿದೆ, ಅದರ ಮುಂದೆ ಬಿಳಿ ಕಂಬ. ಅದರ ಮೇಲೆ ಕಪ್ಪು ಬಣ್ಣದಲ್ಲಿ ಮೂರು ಜಪಾನೀ ಅಕ್ಷರ. ಆತ್ಮಗಳಿಗೆ ಸಮಾಧಾನ ಹೇಳುವ ಗೋಪುರ ಅಂತ ಅರ್ಥವಂತೆ. 1943ರಲ್ಲಿ ಶಿಬಿರದ ಕಲ್ಲುಕುಟಿಗರೇ ಕಟ್ಟಿದ್ದು. ಇಲ್ಲಿ ಸುಮಾರು 150 ಜನ ತೀರಿಕೊಂಡರು, ಬಹಳ ಜನರನ್ನು ದಹನ ಮಾಡಿದರು, ಕೆಲವೇ ಸಮಾಧಿ ಉಳಿದಿವೆ. ಕಂಬದ ಸುತ್ತ ಜನ ನಾಣ್ಯ, ಕಾಗದದ ಕೊಕ್ಕರೆ, ಬೆಣಚುಕಲ್ಲು ಇಟ್ಟಿದ್ದಾರೆ. ಸ್ವಲ್ಪ ಆಚೆ ಒಂದು ಪುಟ್ಟ ಸಮಾಧಿ. ಕೂಸಿನದು. ಅದರ ಮೇಲೆ ಆಟಿಕೆಗಳು, ಗಾಳಿಗೆ ಬಣ್ಣ ಹೋದ ಸಣ್ಣ ಕಾರುಗಳು.

ಮೊಮ್ಮಗಳು ಜೇಬು ತಡಕಿದಳು. ಏನೂ ಇರಲಿಲ್ಲ, ಆಗ ತಾನೇ ಸಿಕ್ಕಿದ ಬಿಲ್ಲೆ ಬಿಟ್ಟರೆ. ಅದನ್ನು ತೆಗೆದು ನೋಡಿ ಮತ್ತೆ ಜೇಬಿಗೇ ಹಾಕಿಕೊಂಡಳು. ಪ್ರತಿ ವರ್ಷ ಏಪ್ರಿಲ್ ಕೊನೆಯ ಶನಿವಾರ ಇಲ್ಲಿಗೆ ಜನ ಯಾತ್ರೆ ಬರುತ್ತಾರೆ, 1969ರಿಂದ ನಡೆದು ಬಂದಿದೆ. ನಾವು ಮಾರ್ಚ್‌ನಲ್ಲೇ ಊರಿಗೆ ವಾಪಸ್. ಮಗಳು, ಅಳಿಯ, ಮೊಮ್ಮಗಳು ಹೋಗುತ್ತಾರಂತೆ. ಏನು ತಗೊಂಡು ಹೋಗುತ್ತೀಯ ಅಂತ ಕೇಳಿದೆ. “ಅವರಿಗೆ ಒಂದು ಗೊಂಬೆ,” ಅಂದಳು.